ಸೈಬೀರಿಯಾದ ಹಕ್ಕಿಯೂ ನಮ್ಮೂರಿನ ಉಣ್ಣಿಯೂ

ಕೋಪರಖೈರಣೆಯ ಫ್ಲ್ಯಾಟುಗಳಲ್ಲಿ ಇರುವವರಿಗೆ ಪಾರಿವಾಳದ ಕಾಟದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಬೆಡ್‌ರೂಮಿನ ಎ.ಸಿ. ಹಿಂದೆ ಒಂದು ಜೋಡಿ ಸಂಸಾರ ಹೂಡಿತ್ತು. ಮರಿಗಳು ಹಾರಿಹೋಗಿ ಒಂದು ವಾರ ಆಗಿರಬೇಕು, ರಾತ್ರಿ ಮನೆಮಂದಿಗೆಲ್ಲ ತುರಿಕೆ ಶುರುವಾಯಿತು. ಸೊಳ್ಳೆ ಅಲ್ಲ, ತಿಗಣೆಯೂ ಅಲ್ಲ. "ಇದೆಂಥದ್ದು ಮಾರಾಯ್ರೆ, ದಿಂಬಿನ ಮೇಲೆ ಚುಕ್ಕೆ ನಡೀತಾ ಉಂಟು" ಎಂದು ನನ್ನವಳು ಮೊಬೈಲಿನ ಟಾರ್ಚ್ ಹಿಡಿದು ತೋರಿಸಿದಳು. ಪೆಸ್ಟ್ ಕಂಟ್ರೋಲ್ ಹುಡುಗ ಬಂದವನು ಕಿಟಕಿಯಾಚೆ ಒಮ್ಮೆ ಇಣುಕಿ, "ಅಂಕಲ್, ಯೇ ತೋ ಕಬೂತರ್ ಕಾ ಕೀಡಾ ಹೈ" ಎಂದು ಗೂಡು ಎತ್ತಿ ಎಸೆದು, ಮದ್ದು ಹೊಡೆದು, ದುಡ್ಡು ಎಣಿಸಿಕೊಂಡು ಹೋದ.

ಅವನಿಗೆ ಅದು ಪಾರಿವಾಳದ ಹುಳ. ನಮ್ಮ ಕಡೆಯವರಿಗೆ ಕೋಳಿ ಹೇನು. ಕಾವಿಗೆ ಕೂತ ಕೋಳಿಯ ಬುಟ್ಟಿಗೆ ಕೈ ಹಾಕಿದರೆ ಮೊಣಕೈವರೆಗೂ ಸರಸರ ಹತ್ತಿಬಿಡುವ ಅದೇ ಪ್ರಾಣಿ. ಬುಟ್ಟಿಯ ತಳಕ್ಕೆ ಬೂದಿ ಚೆಲ್ಲಿ, ಲಕ್ಕಿ ಸೊಪ್ಪು ಹಾಸಿ ನಮ್ಮಮ್ಮ ಕೋಳಿ ಕೂರಿಸುತ್ತಿದ್ದದ್ದು ನೆನಪಿದೆ. ಹೆಸರು ಹೇನಾದರೂ ಜಾತಿಯಲ್ಲಿ ಅದು ಹೇನಲ್ಲ. ಹೇನಿಗೆ ಆರು ಕಾಲು, ಇದಕ್ಕೆ ಎಂಟು. ಇದು ನುಸಿ. (ತೆಂಗಿಗೆ ನುಸಿ ಪೀಡೆ ಬಂದು ಕಾಯಿಯೆಲ್ಲ ಚಿಕ್ಕದಾಗಿ ಸುರುಟಿಕೊಂಡದ್ದು ಊರಲ್ಲಿ ತೋಟ ಇದ್ದವರಿಗೆ ಮರೆತಿರಲಾರದು. ಅದು ಈ ಬಳಗದ್ದೇ ಇನ್ನೊಂದು ಪಂಗಡ, ಅದಕ್ಕೆ ಎಳನೀರಿನ ರುಚಿ, ಇದಕ್ಕೆ ರಕ್ತದ ರುಚಿ.) ಡರ್ಮಾನಿಸಸ್ ಗ್ಯಾಲಿನೆ ಎಂಬ ಕೆಂಪು ನುಸಿ ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ಕೋಳಿಯ ರಕ್ತ ಹೀರಿ ಮತ್ತೆ ಸಂದಿಗೆ ಸೇರುತ್ತದೆ. ಹಕ್ಕಿ ಇಲ್ಲದೆಯೂ ಖಾಲಿ ಗೂಡಿನಲ್ಲಿ ತಿಂಗಳುಗಟ್ಟಲೆ ಉಪವಾಸ ಬಿದ್ದಿರಬಲ್ಲದು. ಹೊಟ್ಟೆಗೆ ಬೇರೆ ಗತಿ ಇಲ್ಲದಾಗ ಮನುಷ್ಯನನ್ನೂ ಕಚ್ಚಿ ನೋಡುತ್ತದೆ, ಆದರೆ ನಮ್ಮ ರಕ್ತದಲ್ಲಿ ಅದರ ಸಂಸಾರ ಸಾಗುವುದಿಲ್ಲ. ಗೂಡು ತೆಗೆದು ಸ್ವಚ್ಛ ಮಾಡಿದರೆ ಕತೆ ಮುಗಿಯಿತು.

ಹೀಗೆ ಕತೆ ಮುಗಿಯದ ಒಬ್ಬ ದಾಯಾದಿ ಇದಕ್ಕಿದ್ದಾನೆ. ಅದೇ ಎಂಟು ಕಾಲು, ಅದೇ ರಕ್ತದ ಚಟ, ಗಾತ್ರ ಮಾತ್ರ ಸ್ವಲ್ಪ ದೊಡ್ಡದು. ಉಣ್ಣಿ, ಕೆಲವರ ಬಾಯಲ್ಲಿ ಉಣುಗು. ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ಹರಳಿನ ಹಾಗೆ ಊದಿಕೊಂಡಿರುತ್ತದಲ್ಲ, ಅದೇ. ಇದರ ಬಗ್ಗೆ ಒಂದು ಹಳೇ ಲೆಕ್ಕ ತೆಗೆದು ನೋಡುವ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ಏಕೆಂದರೆ ನಾನು ಬೆಳ್ತಂಗಡಿ ತಾಲೂಕಿನವನು, ಮತ್ತು 1983ರಲ್ಲಿ ಏಳನೇ ಕ್ಲಾಸಿನಲ್ಲಿದ್ದೆ. ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

1957ರ ಮಾರ್ಚ್. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕು. ಕ್ಯಾಸನೂರು ಎಂಬ ಊರಿನ ಕಾಡಿನಲ್ಲಿ ಮಂಗಗಳು ಮರದಿಂದ ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋಗಿಬಂದವರಿಗೆ ವಿಪರೀತ ಜ್ವರ, ತಲೆ ಸಿಡಿಯುವ ನೋವು, ಮೈಕೈ ಮುರಿದಂತೆ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಮೊದಲು ಟೈಫಾಯಿಡ್ ಬಗೆಯ ಜ್ವರ ಎಂದುಕೊಂಡಿದ್ದರು. ಆದರೆ ಮಂಗ ಸಾಯುತ್ತಿದೆ ಎಂಬ ಸುದ್ದಿ ಪುಣೆಗೆ ತಲುಪಿದ್ದೇ ತಡ, ಅಲ್ಲಿನ ವಿಜ್ಞಾನಿಗಳು ಕುರ್ಚಿ ಬಿಟ್ಟು ಎದ್ದರು.

ಯಾಕೆಂದರೆ ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವ ಕಾಯಿಲೆ ಎಂದರೆ ಆಗ ಎಲ್ಲರಿಗೂ ಹೊಳೆಯುತ್ತಿದ್ದದ್ದು ಹಳದಿ ಜ್ವರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕಾಯಿಲೆ, ಏಷ್ಯಾಕ್ಕೆ ಕಾಲಿಟ್ಟೇ ಇರಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿ ಇತ್ತು. ಹಡಗು ಇಳಿಯುವ ಮುಂಬಯಿಯಿಂದ ಒಂದು ರಾತ್ರಿಯ ದೂರದಲ್ಲಿ ಹಳದಿ ಜ್ವರ ಎಂದರೆ ಏನಾಗಬಹುದಿತ್ತು ಊಹಿಸಿ. (ಇವತ್ತಿಗೂ ಆಫ್ರಿಕಾದಿಂದ ಬರುವವರಿಗೆ ನಮ್ಮ ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಸರ್ಟಿಫಿಕೇಟ್ ಕೇಳುತ್ತಾರೆ. ಆ ಹೆದರಿಕೆ ಇನ್ನೂ ಹೋಗಿಲ್ಲ.)

ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಫೌಂಡೇಶನ್ ಜೊತೆಗೂಡಿ ಶುರು ಮಾಡಿದ್ದ ವೈರಸ್ ರಿಸರ್ಚ್ ಸೆಂಟರ್ ಇತ್ತು. 1978ರಿಂದ ಅದೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ, ಕೋವಿಡ್ ಕಾಲದಲ್ಲಿ ದಿನಾ ಟಿವಿಯಲ್ಲಿ ಹೆಸರು ಕೇಳಿದ್ದೇವಲ್ಲ, ಅದು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮುಂತಾದವರ ತಂಡ ಸೊರಬಕ್ಕೆ ಬಂತು. ಜ್ವರ ಬಂದವರ ರಕ್ತದಲ್ಲಿ, ಸತ್ತ ಮಂಗಗಳಲ್ಲಿ, ಆಮೇಲೆ ಕಾಡಿನ ಉಣ್ಣಿಗಳಲ್ಲಿ ಒಂದೇ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ, ಹಿಂದೆ ಯಾರೂ ಕಂಡಿರದ ವೈರಸ್. ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್. ಕೆ.ಎಫ್.ಡಿ. ಮೊದಲ ವರ್ಷವೇ ನಾನೂರಕ್ಕೂ ಹೆಚ್ಚು ಜನಕ್ಕೆ ಬಂದಿತ್ತು. ಮಲೆನಾಡಿನ ಜನ ಅಷ್ಟುದ್ದದ ಹೆಸರಿನ ಗೊಡವೆಗೆ ಹೋಗದೆ ಮಂಗನ ಕಾಯಿಲೆ ಎಂದರು.

ಇಲ್ಲಿಂದ ಮುಂದೆ ಕತೆ ನಮ್ಮ ಮುಂಬಯಿಗೆ ಬರುತ್ತದೆ.

ಹೊಸ ವೈರಸ್ಸಿನ ಕುಲಗೋತ್ರ ಹುಡುಕಿದಾಗ ಅದು ರಷ್ಯಾದ ಒಂದು ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ ಎಂದು ತಿಳಿಯಿತು. ಅದನ್ನು ಸೋವಿಯತ್ ವಿಜ್ಞಾನಿಗಳು 1937ರಲ್ಲಿ ದೂರದ ಪೂರ್ವ ಸೈಬೀರಿಯಾದ ಕಾಡುಗಳಲ್ಲಿ ಪತ್ತೆ ಮಾಡಿದ್ದರು. ಅದೂ ಉಣ್ಣಿಯಿಂದಲೇ ಬರುವುದು. ಹಾಗಾದರೆ ಸೈಬೀರಿಯಾದ ವೈರಸ್ಸಿನ ಸಂಬಂಧಿ ಸೊರಬಕ್ಕೆ ಹೇಗೆ ಬಂತು? ರೈಲಿಲ್ಲ, ಹಡಗಿಲ್ಲ. ಮಧ್ಯೆ ಹಿಮಾಲಯ. ಪ್ರತಿ ಚಳಿಗಾಲ ಅಲ್ಲಿಂದ ಇಲ್ಲಿಗೆ ಬರುವುದು ಒಂದೇ, ವಲಸೆ ಹಕ್ಕಿ! ಅದರ ಮೈಮೇಲೆ ಉಣ್ಣಿ ಕೂತು ಬಂದಿರಬೇಕು.

ಕೇಳಲು ಎಷ್ಟು ಸಲೀಸಾಗಿದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ವಲಸೆ ಹಕ್ಕಿಗಳ ಅಧ್ಯಯನಕ್ಕೆ ಅವರ ನೆರವಿನಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಯೋಜನೆ ಕೈಗೆತ್ತಿಕೊಂಡಿತು. ಮುಂದಾಳು ಸಲೀಂ ಅಲಿ. ಹಕ್ಕಿ ಹಿಡಿಯುವುದು, ಕಾಲಿಗೆ ನಂಬರ್ ಇರುವ ಅಲ್ಯೂಮಿನಿಯಂ ಉಂಗುರ ತೊಡಿಸುವುದು, ಮೈಮೇಲಿನ ಉಣ್ಣಿ ನುಸಿಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸುವುದು, ಹಕ್ಕಿಯನ್ನು ಹಾರಿಬಿಡುವುದು. ಆ ಉಂಗುರದ ಮೇಲೆ ಬಾಂಬೆಯ ವಿಳಾಸ. ದೂರದ ರಷ್ಯಾದಲ್ಲಿ ಯಾರಿಗೋ ಆ ಹಕ್ಕಿ ಸಿಕ್ಕಿದರೆ ಬಾಂಬೆಗೆ ಕಾಗದ ಬರುತ್ತಿತ್ತು. ಫೋರ್ಟಿನ ಲಯನ್ ಗೇಟ್ ಎದುರು ಈಗ ಅವರ ಹಾರ್ನ್‌ಬಿಲ್ ಹೌಸ್ ಇದೆ. ನಾನು ಆ ಕಡೆಯ ಬ್ರಾಂಚಿನಲ್ಲಿದ್ದಾಗ ದಿನಾ ಅದರ ಮುಂದೆಯೇ ಚರ್ಚ್‌ಗೇಟಿಗೋ ಸಿ.ಎಸ್.ಟಿ.ಗೋ ಓಡುತ್ತಿದ್ದದ್ದು. ನಮ್ಮ ಘಟ್ಟದ ಮಂಗಗಳ ಸಾವಿಗೂ ಈ ಸಂಸ್ಥೆಗೂ ಸಂಬಂಧ ಉಂಟೆಂದು ಮುಂಬಯಿಯಲ್ಲಿ ಎಷ್ಟು ಕನ್ನಡಿಗರಿಗೆ ಗೊತ್ತು?

ಹಕ್ಕಿಗಳ ವಲಸೆಯ ದಾರಿಯ ಬಗ್ಗೆ ಈ ಯೋಜನೆಯಿಂದ ಸಿಕ್ಕ ಜ್ಞಾನ ಅಪಾರ. ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ತೊಡಿಸಿದರು. ನಮ್ಮ ಐರೋಲಿ, ನೆರೂಳ್ ಕಡೆಯ ಖಾಡಿಗೆ ಬರುವ ಫ್ಲೆಮಿಂಗೋ, ಉಲ್ಲಂಕಿಗಳ ಬಗ್ಗೆ ಇವತ್ತು ನಡೆಯುವ ಕೆಲಸಕ್ಕೂ ಬೇರು ಅಲ್ಲಿದೆ. ಆದರೆ ಕ್ಯಾಸನೂರಿನ ಅಪರಾಧಿ ಹಕ್ಕಿ? ಸಿಗಲೇ ಇಲ್ಲ. ಸೈಬೀರಿಯಾದಿಂದ ಈ ವೈರಸ್ಸನ್ನು ಹೊತ್ತು ತಂದ ಹಕ್ಕಿ ಎಂದು ಬೆರಳಿಟ್ಟು ತೋರಿಸುವಂಥದ್ದು ಒಂದೂ ಇಲ್ಲ.

ಬದಲಿಗೆ ಬೇರೊಂದು ರಗಳೆ ಸುತ್ತಿಕೊಂಡಿತು. ಅರವತ್ತರ ದಶಕದಲ್ಲಿ ಈ ಉಂಗುರದ ಕೆಲಸಕ್ಕೆ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದ ದುಡ್ಡೂ ಬಂದಿತ್ತು. 1974ರ ಹೊತ್ತಿಗೆ ಪತ್ರಿಕೆಗಳು ಇದನ್ನು ಎತ್ತಿದವು. ಹಕ್ಕಿಗಳ ಮೂಲಕ ರೋಗ ಹರಡುವುದು ಹೇಗೆಂದು ಅಮೆರಿಕ ಯುದ್ಧಕ್ಕಾಗಿ ಲೆಕ್ಕ ಹಾಕುತ್ತಿದೆಯೇ ಎಂಬುದು ಪ್ರಶ್ನೆ. 1975ರಲ್ಲಿ ಸಂಸತ್ತಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ ವಿದೇಶಿ ಸಹಯೋಗದ ಸಂಶೋಧನೆಗಳ ಬಗ್ಗೆ ಖಾರವಾದ ವರದಿಯನ್ನೇ ಕೊಟ್ಟಿತು. ಸಲೀಂ ಅಲಿ ಆರೋಪವನ್ನು ಒಪ್ಪಲಿಲ್ಲ. ಬ್ಯಾಂಕಿನವನಾಗಿ ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಯಾರದ್ದು ಎಂದು ಕೇಳುವುದು ತಪ್ಪಲ್ಲ. ಕೆ.ವೈ.ಸಿ. ಅಂದರೆ ಅದೇ ಅಲ್ಲವೇ! ಆದರೆ ದೆಹಲಿಯಲ್ಲಿ ಈ ಗಲಾಟೆ ನಡೆಯುವಾಗ ಸಾಗರ ಸೊರಬದಲ್ಲಿ ಪ್ರತಿ ಬೇಸಿಗೆಯೂ ಜನ ಸಾಯುತ್ತಿದ್ದರು. ಅವರ ಹೆಸರು ಯಾವ ಹೆಡ್‌ಲೈನಿಗೂ ಬರಲಿಲ್ಲ.

ಹೊರಗಿನಿಂದ ಬಂದದ್ದು ಎಂಬ ನಂಬಿಕೆಗೆ ಇನ್ನೊಂದು ಬೆಲೆಯೂ ತೆರಬೇಕಾಯಿತು. ರಷ್ಯಾದ ವೈರಸ್ಸಿನ ನೆಂಟ ತಾನೇ ಎಂದು, ಆ ಕಾಯಿಲೆಗಾಗಿ ಇಲಿಯ ಮೆದುಳಿನಿಂದ ತಯಾರಿಸಿದ್ದ ಲಸಿಕೆಯನ್ನೇ ಶಿವಮೊಗ್ಗದ ಹಳ್ಳಿಗರಿಗೆ ಚುಚ್ಚಿ ನೋಡಿದರು. ನೆಚ್ಚುವಂಥ ಪ್ರಯೋಜನ ಕಾಣಲಿಲ್ಲ. ನೆಂಟಸ್ತಿಕೆ ಇದ್ದರೂ ಬೀಗದ ಕೈ ಬೇರೆಯೇ ಇತ್ತು.

ಇನ್ನು ಕಾಡಿನೊಳಗೆ ನಿಜವಾಗಿ ನಡೆಯುತ್ತಿದ್ದದ್ದು. ಸಾಗರದಲ್ಲಿ ಠಿಕಾಣಿ ಹೂಡಿದ ವಿಜ್ಞಾನಿಗಳು ವರ್ಷಗಟ್ಟಲೆ ಮಾಡಿದ ಕೆಲಸ ಓದಿದರೆ ಬೆರಗಾಗುತ್ತದೆ. ಉಣ್ಣಿ ಹಿಡಿಯುವುದು ಹೇಗೆ ಗೊತ್ತೇ? ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ತರಗೆಲೆಯ ಮೇಲೆ ಎಳೆದುಕೊಂಡು ನಡೆಯುವುದು. ಪ್ರಾಣಿ ಬಂತೆಂದು ಉಣ್ಣಿ ಬಟ್ಟೆಗೆ ಹತ್ತುತ್ತದೆ. ಆಮೇಲೆ ಚಿಮಟದಿಂದ ಒಂದೊಂದೇ ಹೆಕ್ಕಿ ಎಣಿಸುವುದು. ಹೀಗೆ ತಿಂಗಳು ತಿಂಗಳೂ. ಪಿ.ಕೆ. ರಾಜಗೋಪಾಲನ್ ಅವರಂಥ ಕೀಟಶಾಸ್ತ್ರಜ್ಞರು ಇಂಥ ಕೆಲಸದಲ್ಲೇ ಅಲ್ಲಿ ವರ್ಷಗಳನ್ನು ಕಳೆದರು. ಕಾಡಿನಲ್ಲಿ ಓಡಾಡಿದವರಿಗೂ, ಪುಣೆಯ ಪ್ರಯೋಗಾಲಯದಲ್ಲಿ ಕೂತು ಪರೀಕ್ಷೆ ಮಾಡಿದವರಿಗೂ ಈ ಜ್ವರ ತಗಲಿದೆ.

ಅವರು ಕಂಡದ್ದು ಇಷ್ಟು. ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣಿ. ಅದಕ್ಕೆ ಜೀವಮಾನದಲ್ಲಿ ಮೂರು ಊಟ. ಮೊಟ್ಟೆಯೊಡೆದ ಮರಿಗೆ ಒಂದು, ನಡುಪ್ರಾಯದಲ್ಲಿ ಒಂದು, ಬೆಳೆದ ಮೇಲೆ ಒಂದು. ಮಳೆಗಾಲದಲ್ಲಿ ಬೆಳೆದ ಉಣ್ಣಿ ದೊಡ್ಡ ಪ್ರಾಣಿಗಳ, ಮುಖ್ಯವಾಗಿ ಕಾಡಿಗೆ ಮೇಯಲು ಬಿಟ್ಟ ದನಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಕಳೆದ ಮೇಲೆ ಮರಿಗಳು ಕಾಡಿಲಿ, ಸುಂಡಿಲಿ, ಅಳಿಲು, ಮಂಗ, ನೆಲ ಕೆದಕುವ ಹಕ್ಕಿಗಳ ಮೇಲೆ ಹತ್ತುತ್ತವೆ. ಹಾಂ, ಹಕ್ಕಿ ಎಂದೆನಲ್ಲ, ಹಕ್ಕಿಗೆ ಇಲ್ಲಿ ಪಾತ್ರ ಉಂಟು. ಆದರೆ ಅದು ಸೈಬೀರಿಯಾದ್ದಲ್ಲ, ನಮ್ಮ ಗುಡ್ಡೆಯ ಕಾಡುಕೋಳಿ! ತರಗೆಲೆ ಕೆದಕುತ್ತ ತಿರುಗುವ ಅದರ ಮೈಮೇಲೆ ಮರಿ ಉಣ್ಣಿಗಳು ಸಿಗುತ್ತವೆ. ಜನವರಿಯಿಂದ ಮೇ ತನಕ ನಡುಪ್ರಾಯದ ಉಣ್ಣಿಗಳ ಕಾಲ. ಗುಂಡುಸೂಜಿಯ ತಲೆಯಷ್ಟು ಗಾತ್ರ, ಕಚ್ಚಿದ್ದೂ ತಿಳಿಯದು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಇವೇ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ತರಗೆಲೆ ಒಟ್ಟಲು, ಸೌದೆ ತರಲು ಜನ ಕಾಡಿಗೆ ಹೋಗುವುದೂ ಇದೇ ತಿಂಗಳುಗಳಲ್ಲಿ.

ಮಂಗ ಇಲ್ಲಿ ಅಪರಾಧಿ ಅಲ್ಲ, ನಮಗಿಂತ ಮೊದಲೇ ಬಲಿಯಾಗುವ ಪ್ರಾಣಿ. ಮುಸಿಯ ಮತ್ತು ಕೋತಿ ಎರಡಕ್ಕೂ ಈ ವೈರಸ್ ಮಾರಕ. ಜ್ವರ ಬಂದ ಮಂಗದ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಮೈಯಲ್ಲಿದ್ದ ಉಣ್ಣಿಗಳಿಗೆ ಅದು ದಾಟುತ್ತದೆ. ಮಂಗ ಸತ್ತು ಬಿದ್ದರೆ ಆ ಉಣ್ಣಿಗಳೆಲ್ಲ ಅಲ್ಲೇ ನೆಲಕ್ಕೆ ಇಳಿಯುತ್ತವೆ. ಸತ್ತ ಮಂಗದ ಸುತ್ತಲಿನ ಜಾಗ ಎಂದರೆ ಮದ್ದು ತುಂಬಿದ ನೆಲಬಾಂಬಿನ ಹಾಗೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ.

ಹಾಗಾದರೆ 1957ರಲ್ಲೇ ಯಾಕೆ? ಉಣ್ಣಿ ಯಾವಾಗಲೂ ಇತ್ತು, ಮಂಗ ಯಾವಾಗಲೂ ಇತ್ತು. ಹೋರ್ಹೆ ಬೋಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ ಪುಣೆಯ ಸಂಸ್ಥೆಯೊಂದಿಗೆ ಇಲ್ಲಿ ಕೆಲಸ ಮಾಡಿದವರು, ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರವನ್ನು ಅರೆದು ಕುಡಿದವರು. 1969ರಲ್ಲಿ ಅವರು ಬರೆದ ಪ್ರಬಂಧದ ತಿರುಳು ನನಗೆ ಅರ್ಥವಾದಂತೆ ಹೀಗಿದೆ. ಜನ ಹೆಚ್ಚಿದರು, ಕಾಡನ್ನು ತುಂಡು ತುಂಡಾಗಿ ಕಡಿದು ಗದ್ದೆ ಮಾಡಿದರು, ಕಾಡಿನ ಅಂಚಿಗೆ ಮನೆ ಬಂತು, ಮನೆಯ ಜೊತೆ ದನ ಬಂತು. ಬೆಳೆದ ಉಣ್ಣಿಗೆ ಹಿಂದೆ ಕಷ್ಟದಲ್ಲಿ ಸಿಗುತ್ತಿದ್ದ ದೊಡ್ಡ ಊಟ ಈಗ ಬಾಗಿಲಿಗೇ ನಡೆದುಬಂದಂತಾಯಿತು. ಉಣ್ಣಿಯ ಸಂಖ್ಯೆ ಏರಿತು, ಕಾಡಿನೊಳಗೆ ಮೂಲೆಯಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ ಸ್ಫೋಟಿಸಿತು. ಎಲ್ಲವೂ ಇದರಿಂದಲೇ ಎಂದು ಎಲ್ಲ ವಿಜ್ಞಾನಿಗಳೂ ಒಪ್ಪುತ್ತಾರೆಂದಲ್ಲ. ಆದರೆ ನನಗೆ ಇದು ಹಕ್ಕಿಯ ಕತೆಗಿಂತ ಹೆಚ್ಚು ನಂಬುವಂತೆ ಕಾಣುತ್ತದೆ. ಯಾಕೆಂದರೆ ನಮ್ಮ ತಾಲೂಕಿನಲ್ಲಿ ಆದದ್ದನ್ನು ನಾನು ನೋಡಿದ್ದೇನೆ.

ಅಲ್ಲಿಯವರೆಗೆ ಘಟ್ಟದ ಮೇಲಿನ ಸುದ್ದಿಯಾಗಿದ್ದ ಕಾಯಿಲೆ 1982ರ ಕೊನೆಯಲ್ಲಿ ಬೆಳ್ತಂಗಡಿಯ ನಿಡ್ಲೆ ಭಾಗದಲ್ಲಿ ಕಾಣಿಸಿತು. ಅಲ್ಲಿ ಗೇರು ತೋಟ ಎಬ್ಬಿಸಲು ಕಾಡು ಕಡಿದಿದ್ದರು. ಮರ ಕಡಿದ ಕೂಲಿಗಳೇ ಮೊದಲು ಮಲಗಿದರು. 1983ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದವರು ಸಾವಿರ ದಾಟಿದರು, ಸತ್ತವರು ನೂರರ ಮೇಲೆ. ನಮ್ಮನ್ನು ಗುಡ್ಡೆಗೆ ಹೋಗಲು ಬಿಡುತ್ತಿರಲಿಲ್ಲ. ಗೇರುಬೀಜ ಹೆಕ್ಕುವ ಕಾಲ, ಮಕ್ಕಳ ಕೈಗೆ ನಾಲ್ಕು ಕಾಸು ಬರುವ ಕಾಲ, ಆದರೂ ಯಾರೂ ಹೋಗಲಿಲ್ಲ. ದೈವ ಮುನಿದಿದೆ ಎಂದು ಊರಲ್ಲಿ ಮಾತು. ದೈವದ ಕಾಡಿಗೆ ಕೊಡಲಿ ಹಾಕಿದರೆ ಮತ್ತೇನಾದೀತು ಎಂದು ಅಜ್ಜಿ ಕೋಳಿಯ ಹರಕೆ ಹೇಳಿಕೊಂಡರು. ಓದಿದವರು ಆಗ ನಕ್ಕಿದ್ದರು. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ನಮ್ಮ ಜಿಲ್ಲೆಯಲ್ಲಿ ಓಡಾಡಿ 1987ರಲ್ಲಿ ಇದರ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದಿದ್ದಾರೆ. ಅಜ್ಜಿ ಹೇಳಿದ್ದಕ್ಕೂ ಬೋಶೆಲ್ ಹೇಳಿದ್ದಕ್ಕೂ ನಡುವೆ ಇರುವ ದೂರ ಬಹಳ ಇಲ್ಲ, ಭಾಷೆ ಬೇರೆ ಅಷ್ಟೆ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಎಂಬ ಐದು ಜಿಲ್ಲೆಗಳಲ್ಲಿ ಸುತ್ತುತ್ತಿದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಅಲ್ಲಿಂದ ವಯನಾಡು, ನೀಲಗಿರಿ. 2015ರಲ್ಲಿ ಗೋವಾದ ಸತ್ತರಿ. 2016ರಲ್ಲಿ ನಮ್ಮ ಮಹಾರಾಷ್ಟ್ರದ ಸಿಂಧುದುರ್ಗ, ದೋಡಾಮಾರ್ಗ ತಾಲೂಕು. ಗೋವಾ, ಸಿಂಧುದುರ್ಗ ಎರಡು ಕಡೆಯೂ ಗೇರು ತೋಟದಲ್ಲಿ ದುಡಿಯುವವರಿಗೆ ತಗಲಿತು. 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲೂಕಿನ ಅರಳಗೋಡು ಒಂದೇ ಪಂಚಾಯಿತಿಯಲ್ಲಿ ಒಬ್ಬರ ಹಿಂದೊಬ್ಬರು ಸತ್ತದ್ದು ಪೇಪರಿನಲ್ಲಿ ಓದಿರುತ್ತೀರಿ.

ಲಸಿಕೆಯ ಕತೆಯಲ್ಲೂ ಕೋಳಿ ಬರುತ್ತದೆ, ವಿಚಿತ್ರ ನೋಡಿ. ಇಲಿ ಮೆದುಳಿನ ಲಸಿಕೆ ಕೈಕೊಟ್ಟ ಮೇಲೆ ಅರವತ್ತರ ದಶಕದಲ್ಲಿ ಪುಣೆಯವರು ಕ್ಯಾಸನೂರು ವೈರಸ್ಸನ್ನೇ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ ಹೊಸ ಲಸಿಕೆ ಮಾಡಿದರು. ಮುಂದೆ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ಚುಚ್ಚಿದಲ್ಲಿ ವಿಪರೀತ ನೋವು ಎಂದು ಒಮ್ಮೆ ಹಾಕಿಸಿಕೊಂಡವರು ಎರಡನೇ ಸಲಕ್ಕೆ ತಲೆ ಮರೆಸಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ಮೊದಲ ಪರೀಕ್ಷೆಯಲ್ಲಿ ಎರಡು ಡೋಸಿನ ರಕ್ಷಣೆ ಶೇ. 90ರ ಮೇಲೆ ಎಂದು ಲೆಕ್ಕ ಸಿಕ್ಕಿತ್ತು. 2005ರಿಂದ 2010ರ ತನಕದ ಅಂಕಿಗಳನ್ನು ನೋಡಿದಾಗ ಅದು ಶೇ. 62ರ ಆಸುಪಾಸಿಗೆ ಇಳಿದಿತ್ತು. ಕೊನೆಗೆ 2022ರಲ್ಲಿ ಗುಣಮಟ್ಟ ಸಾಲದೆಂದು ಅದನ್ನು ಕೊಡುವುದೇ ನಿಂತಿತು. ಹೊಸ ಲಸಿಕೆಗಾಗಿ ಐ.ಸಿ.ಎಂ.ಆರ್. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೆಲಸ ಮಾಡುತ್ತಿದೆ. ವೈರಸ್ ಪತ್ತೆಯಾಗಿ ಅರವತ್ತೈದು ವರ್ಷ ದಾಟಿದ ಮೇಲೆ ಮತ್ತೆ ಮೊದಲ ಮೆಟ್ಟಿಲು. ಕಾಯಿಲೆ ಬರುವುದು ಕೂಲಿಗಳಿಗೆ, ಸಣ್ಣ ರೈತರಿಗೆ, ಕಾಡಂಚಿನವರಿಗೆ. ಅದು ಅಂಧೇರಿ, ಬಾಂದ್ರಾಕ್ಕೆ ಬರುತ್ತಿದ್ದರೆ ಇಷ್ಟು ತಡವಾಗುತ್ತಿತ್ತೇ ಎಂಬ ಕೆಟ್ಟ ಯೋಚನೆ ನನಗೆ ಬರುವುದುಂಟು.

ಈಗ ನಮ್ಮ ವಿಷಯ. ನವಿ ಮುಂಬಯಿಯ ನಾವು ಊರಿಗೆ ಹೋಗುವುದು ಯಾವಾಗ? ಏಪ್ರಿಲ್, ಮೇ. ಮಕ್ಕಳ ರಜೆ, ಮದುವೆ, ನೇಮ, ಕೋಲ, ಎಲ್ಲ ಆಗಲೇ. ಕೊಂಕಣದವರು ಶಿಮಗಾಕ್ಕೆ ಹೋಗುವುದೂ ಮಾರ್ಚಿನಲ್ಲಿ. ಅಂದರೆ ಸರಿಯಾಗಿ ಆ ಗುಂಡುಸೂಜಿ ತಲೆಯ ಉಣ್ಣಿಗಳ ಸೀಸನ್ನಿನಲ್ಲಿ. ಪಟ್ಟಣದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗುಡ್ಡೆ ಎಂದರೆ ಫೋಟೋ ತೆಗೆಯುವ ಜಾಗ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ. ಅಷ್ಟರಲ್ಲಿ ಮತ್ಸ್ಯಗಂಧದಲ್ಲಿ ವಾಪಸು ಬಂದು ಇಲ್ಲಿ ಡ್ಯೂಟಿಗೆ ಹಾಜರಾಗಿರುತ್ತೀರಿ. ವಾಶಿಯ ಡಾಕ್ಟರು ಡೆಂಗಿ, ಮಲೇರಿಯಾ, ಲೆಪ್ಟೋ ಪರೀಕ್ಷೆ ಬರೆದುಕೊಡುತ್ತಾರೆ, ಅದು ಅವರ ತಪ್ಪಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು, ಇಂಥ ಊರಿಗೆ ಹೋಗಿದ್ದೆ, ಕಾಡಂಚಿನಲ್ಲಿ ತಿರುಗಿದ್ದೆ, ಆ ಕಡೆ ಮಂಗ ಸತ್ತಿತ್ತು ಎಂದು. ಈ ಕಾಯಿಲೆಗೆಂದೇ ಬೇರೆ ಮದ್ದಿಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿ ಆರೈಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಸಾಯುವವರು ನೂರಕ್ಕೆ ಮೂರರಿಂದ ಐದು ಜನ ಎಂದು ಸಾಮಾನ್ಯ ಲೆಕ್ಕ.

ಊರಲ್ಲಿರುವಾಗ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಹಂಚುತ್ತಾರೆ, ಗುಡ್ಡೆಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲು. ನಮ್ಮ ಅಣ್ಣನ ಮನೆಯಲ್ಲಿ ಕೊಟ್ಟಿಗೆಯ ಬಾಗಿಲ ಹತ್ತಿರ ಮೊಳೆಗೆ ಒಂದು ಬಾಟಲಿ ನೇತುಹಾಕಿದ್ದಾರೆ. ದನ ಅಟ್ಟಿಕೊಂಡು ಹೊರಡುವವರು ಹಚ್ಚಿಕೊಂಡೇ ಹೋಗುತ್ತಾರೆ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡುವುದು. ಹೋದ ಸಲ ನಾನು ಊರಿಗೆ ಹೋದಾಗ ನನಗೂ ಆ ಬಾಟಲಿ ಕೊಟ್ಟು, "ಮುಂಬಯಿಯವರಿಗೆ ಸ್ವಲ್ಪ ಜಾಸ್ತಿಯೇ ಬೇಕು" ಎಂದು ಅತ್ತಿಗೆ ನಕ್ಕರು.